ಚುಕ್ಕಾಣಿ ಕೆಟ್ಟಿರಲಿಲ್ಲ: ಹೊಸದಾಗಿ ಕೊಂಡ ಹಾಯಿದೋಣಿಯೊಂದರ ಪ್ರಕರಣ ಅಧ್ಯಯನ

ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಗಾಳಿ ಹೆಚ್ಚುಕಮ್ಮಿ ಗಡಿಯಾರ ನೋಡಿಕೊಂಡು ಬರುತ್ತದೆ. ಒಳನಾಡಿನ ಸೆಂಟ್ರಲ್ ವ್ಯಾಲಿ ಬಿಸಿಲಿಗೆ ಕಾಯುತ್ತದೆ, ಅಲ್ಲಿಯ ಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ಪೆಸಿಫಿಕ್ ಸಾಗರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಕಂಡಿಯಲ್ಲಿ ತೂರಿಕೊಂಡು ನುಗ್ಗುತ್ತದೆ. ಬೆಳಿಗ್ಗೆ ಹಾಯಿ ತುಂಬಲೂ ಸಾಲದಿದ್ದ ಗಾಳಿ ಮಧ್ಯಾಹ್ನ ಮೂರರ ಹೊತ್ತಿಗೆ 20ರಿಂದ 25 ನಾಟ್ ಆಗಿರುತ್ತದೆ, ಅಂದರೆ ಗಂಟೆಗೆ 37ರಿಂದ 46 ಕಿಲೋಮೀಟರ್. ಗೇಟ್‌ನಿಂದ ಆಲ್ಕಟ್ರಾಜ್ ದ್ವೀಪದ ಪಕ್ಕದಲ್ಲಿ ಹಾದು ಬರ್ಕ್ಲಿ ದಡದವರೆಗಿನ ಪಟ್ಟಿಯಲ್ಲಿ ಇದರ ರಭಸ ಎಲ್ಲಕ್ಕಿಂತ ಜಾಸ್ತಿ. ಇಲ್ಲಿಯವರು ಆ ಪಟ್ಟಿಯನ್ನು ‘ಸ್ಲಾಟ್’ ಅನ್ನುತ್ತಾರೆ. ಈ ಪ್ರಕರಣ ನಡೆದದ್ದು ಬಹುಪಾಲು ಆ ಪಟ್ಟಿಯಲ್ಲಿ ಮತ್ತು ಅದಕ್ಕೆ ಎದುರಾಗಿರುವ ಈಸ್ಟ್ ಬೇ, ಅಂದರೆ ಕೊಲ್ಲಿಯ ಪೂರ್ವ ದಡದ ಕಡೆ, ದೋಣಿಗಳನ್ನು ಕಟ್ಟಿ ನಿಲ್ಲಿಸುವ ಒಂದು ಮರೀನಾದಲ್ಲಿ.

ದೋಣಿಯ ಮಾಲೀಕರು ಐವತ್ತು ದಾಟಿದ ಕನ್ನಡದ ದಂಪತಿ. ನಾನು ಅವರನ್ನು ಅಕ್ಕ, ಭಾವ ಅಂತಲೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಹೆಸರು, ಊರು, ದೋಣಿಯ ಮಾದರಿ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ಬರೆಯಲು ಒಪ್ಪಿದ್ದಾರೆ.

ಹಿನ್ನೆಲೆ

ಇಬ್ಬರೂ ಒಂದು ಸೇಲಿಂಗ್ ಶಾಲೆಯಲ್ಲಿ ಕ್ರಮವಾಗಿ ಕಲಿತವರು. ಕಲಿತದ್ದು ಒಂದು ಟನ್ನಿನ ಆಸುಪಾಸಿನ ಹಗುರ ದೋಣಿಗಳಲ್ಲಿ. ಅವುಗಳ ಹಿಂದೆ ತಗಲಿಸಿದ ಔಟ್‌ಬೋರ್ಡ್ ಮೋಟಾರನ್ನು ಬೇಕಾದ ಕಡೆ ತಿರುಗಿಸಬಹುದು, ಡಾಕ್ ಹತ್ತಿರ ಬಂದಾಗ ಕೈಯಲ್ಲಿ ತಳ್ಳಿಯೂ ನಿಲ್ಲಿಸಬಹುದು. ಕೊಂಡದ್ದು 1980ರ ದಶಕದ 30 ಅಡಿಯ ಕ್ರೂಸಿಂಗ್ ದೋಣಿ. ನಾಲ್ಕೂವರೆ ಟನ್ ತೂಕ, ಕೆಳಗೆ ನೀರಿನೊಳಗೆ ಇಳಿದ ರೆಕ್ಕೆಯಂಥ ಗಿಡ್ಡನೆಯ ಫಿನ್ ಕೀಲ್, ಒಳಗೆ ಡೀಸೆಲ್ ಎಂಜಿನ್, ಮಲಗಲು ಜಾಗ, ಅಡುಗೆಗೆ ಒಲೆ, ನಿಂತು ನಡೆಸಲು ದೊಡ್ಡ ಚಕ್ರ. ಕೊಳ್ಳುವ ಮುಂಚೆ ನೀರಿನಿಂದ ಮೇಲೆತ್ತಿಸಿ ಸರ್ವೆ ಮಾಡಿಸಿದ್ದರು. ಸರ್ವೆಯವರು ಒಡಲು ಗಟ್ಟಿಯಾಗಿದೆ, ಎಂಜಿನ್ ಚೆನ್ನಾಗಿದೆ, ಹಾಯಿಗಳು ಹಳೆಯವು ಎಂದು ಬರೆದಿದ್ದರು. ಕೊನೆಯ ಮಾತಿಗೆ ಆಗ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ.

ಕೆಲಸ ತಾನಾಗಿಯೇ ಹಂಚಿಕೆಯಾಯಿತು. ಭಾವ ಚಕ್ರ ಹಿಡಿದರು. ಅಕ್ಕ ಹಗ್ಗ, ದೋಣಿ ಕಟ್ಟೆಗೆ ತಾಗದಂತೆ ಪಕ್ಕಕ್ಕೆ ಇಳಿಬಿಡುವ ಫೆಂಡರ್ ದಿಂಬು, ಡಾಕ್‌ಗೆ ಹಾರುವುದು ನೋಡಿಕೊಂಡರು. ಎಷ್ಟೋ ದೋಣಿಗಳಲ್ಲಿ ಹೀಗೇ ಆಗುತ್ತದೆ, ಯಾರೂ ಕೂತು ತೀರ್ಮಾನ ಮಾಡಿರುವುದಿಲ್ಲ. ಈ ಪ್ರಕರಣದ ಗಂಟು ಇದ್ದದ್ದು ಅಲ್ಲೇ, ಆದರೆ ಅದು ಗೊತ್ತಾಗಲು ಅರ್ಧ ಬೇಸಿಗೆ ಹಿಡಿಯಿತು.

ಎರಡು ತೊಂದರೆ

ಮೊದಲನೆಯದು ಡಾಕ್‌ನಲ್ಲಿ. ಅವರ ಸ್ಲಿಪ್‌ನಲ್ಲಿ, ಅಂದರೆ ದೋಣಿ ನಿಲ್ಲಿಸಲು ಕೊಟ್ಟ ಜಾಗದಲ್ಲಿ, ಕಟ್ಟುವ ಕಟ್ಟೆ ದೋಣಿಯ ಬಲಕ್ಕೆ ಬರುತ್ತಿತ್ತು. ಭಾವ ಒಳಗೆ ಬಂದು ನಿಲ್ಲಿಸಲು ರಿವರ್ಸ್ ಹಾಕಿದ ಕೂಡಲೇ ದೋಣಿಯ ಹಿಂಭಾಗ ಎಡಕ್ಕೆ, ಅಂದರೆ ಪಕ್ಕದವರ ದೋಣಿಯ ಕಡೆಗೆ ಸರಿಯುತ್ತಿತ್ತು. ಅಷ್ಟರಲ್ಲಿ ಗಾಳಿ ಮೂತಿಯನ್ನು ಇನ್ನೊಂದು ಕಡೆ ತಳ್ಳುತ್ತಿತ್ತು. ಅಕ್ಕ ಕೈಯಲ್ಲಿ ಹಗ್ಗ ಹಿಡಿದು, ಮೂರು ನಾಲ್ಕು ಅಡಿ ನೀರು ದಾಟಿ ಕಟ್ಟೆಗೆ ಹಾರುತ್ತಿದ್ದರು. ಒಂದು ಸಲ ಪಕ್ಕದ ದೋಣಿಯ ಬೇಲಿಕಂಬ ಬಗ್ಗಿತು. ಅದರ ಖರ್ಚು ಕೊಟ್ಟಾಯಿತು. ಆದರೆ ಅಕ್ಕ ಹಾರುವುದನ್ನು ನೋಡಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತಿತ್ತು. ನಾಲ್ಕೂವರೆ ಟನ್ನಿನ ದೋಣಿ ಮತ್ತು ಕಟ್ಟೆಯ ಸಂದಿಗೆ ಕಾಲು ಸಿಕ್ಕರೆ ಉಳಿಯುವುದಿಲ್ಲ.

ಎರಡನೆಯದು ಸ್ಲಾಟ್‌ನಲ್ಲಿ. ಗಾಳಿ 18 ನಾಟ್ ದಾಟಿದರೆ ದೋಣಿ ವಿಪರೀತ ವಾಲುತ್ತಿತ್ತು, ಚಕ್ರ ಗಟ್ಟಿಯಾಗುತ್ತಿತ್ತು. ಒಂದು ಬೀಸು ಜೋರಾಗಿ ಬಂದರೆ ಸಾಕು, ಚಕ್ರ ಪೂರ್ತಿ ತಿರುಗಿಸಿ ಹಿಡಿದಿದ್ದರೂ ದೋಣಿ ಹೇಳಿದ ಮಾತು ಕೇಳದೆ ಗಾಳಿಯ ಕಡೆಗೆ ಗಿರಕ್ಕನೆ ತಿರುಗಿಬಿಡುತ್ತಿತ್ತು. ಒಂದು ಶನಿವಾರ ಆಲ್ಕಟ್ರಾಜ್‌ನ ದಕ್ಷಿಣಕ್ಕೆ, ಇಳಿತದ ನೀರು ಗಾಳಿಗೆ ಎದುರಾಗಿ ಹರಿದು ಅಲೆಗಳು ಕಡಿದಾಗಿ ಎದ್ದಿದ್ದಾಗ, ಹೀಗೇ ತಿರುಗಿ ಒಂದು ಫೆರಿಯ ದಾರಿಗೆ ಅಡ್ಡ ಬಂದರು. ಫೆರಿಯಿಂದ ಐದು ಗಿಡ್ಡ ಸದ್ದು ಬಂತು. ‘ನಿಮ್ಮ ಉದ್ದೇಶ ತಿಳಿಯುತ್ತಿಲ್ಲ, ಅಪಾಯ’ ಎಂದು ಅದರರ್ಥ. ಫೆರಿ ವೇಗ ತಗ್ಗಿಸಿ ಸುತ್ತಿ ಹೋಯಿತು, ಯಾರಿಗೂ ಏನೂ ಆಗಲಿಲ್ಲ. ಅವತ್ತಿನಿಂದ ಅಕ್ಕ ಮಧ್ಯಾಹ್ನದ ಮೇಲೆ ನೀರಿಗೆ ಬರಲು ಒಪ್ಪಲಿಲ್ಲ.

ಭಾವನಿಗೆ ಖಾತ್ರಿಯಾಗಿತ್ತು, ಚಕ್ರ ತಿರುಗಿಸಿದಾಗ ಹಿಂದೆ ನೀರಿನೊಳಗೆ ತಿರುಗುವ ಹಲಗೆ, ಅಂದರೆ ಚುಕ್ಕಾಣಿಯೇ ಚಿಕ್ಕದು ಅಥವಾ ಕೆಟ್ಟಿದೆ ಅಂತ. ದೋಣಿ ರಿಪೇರಿ ಯಾರ್ಡ್ ಒಂದರಿಂದ ದೊಡ್ಡ ಚುಕ್ಕಾಣಿಗೆ ದರ ತರಿಸಿದ್ದರು. ಕೆಲವು ಸಾವಿರ ಡಾಲರ್ ಮಾತು. ನನ್ನನ್ನು ಕರೆದದ್ದು ಆಗ.

ಮೊದಲ ತೀರ್ಮಾನ: ಆರ್ಡರ್ ತಡೆಹಿಡಿಯುವುದು

ನಾನು ಕೇಳಿಕೊಂಡದ್ದು ಇಷ್ಟೇ. ಯಾರ್ಡ್‌ಗೆ ಹೂಂ ಅನ್ನುವ ಮುಂಚೆ, ದುಡ್ಡು ಖರ್ಚಾಗದ ಪರೀಕ್ಷೆಗಳನ್ನೆಲ್ಲ ಮುಗಿಸೋಣ. ದೋಣಿ ಗಾಳಿಯ ಕಡೆಗೆ ಎಳೆಯಲು ಚುಕ್ಕಾಣಿಯೊಂದೇ ಕಾರಣ ಆಗಬೇಕಿಲ್ಲ. ಹಾಯಿ ಕಟ್ಟುವ ಕಂಬ, ಅಂದರೆ ಕೂವೆಮರ, ಹಿಂದಕ್ಕೆ ಜಾಸ್ತಿ ವಾಲಿರಬಹುದು, ಹಾಯಿ ಜೋತುಬಿದ್ದಿರಬಹುದು, ದೋಣಿ ಅತಿಯಾಗಿ ಪಕ್ಕಕ್ಕೆ ವಾಲುತ್ತಿರಬಹುದು, ತಳದಲ್ಲಿ ಚಿಪ್ಪು, ಪಾಚಿ ಬೆಳೆದು ಚುಕ್ಕಾಣಿಯ ಮೇಲೆ ನೀರು ಸರಿಯಾಗಿ ಹರಿಯದೆ ಇರಬಹುದು.

ಡಾಕ್‌ನಲ್ಲೇ ಕಟ್ಟಿಕೊಂಡು ಶುರು ಮಾಡಿದೆವು. ಚುಕ್ಕಾಣಿಯ ಬೇರಿಂಗ್‌ನಲ್ಲಿ ಸ್ವಲ್ಪ ಆಟ ಇತ್ತು, ಆ ವಯಸ್ಸಿನ ದೋಣಿಗೆ ಅದು ಸಹಜ. ಡೈವರ್ ಒಬ್ಬರು ಇಳಿದು ತಳ ಕೆರೆದು ಕೊಟ್ಟರು. ಚುಕ್ಕಾಣಿಯ ಹಲಗೆಯಲ್ಲಿ ಬಿರುಕು, ಬಾಗು ಯಾವುದೂ ಇಲ್ಲ ಎಂದರು. ಆಮೇಲೆ ಚುಕ್ಕಾಣಿಯನ್ನು ನೇರ ನಿಲ್ಲಿಸಿ, ಚಕ್ರದ ತುತ್ತತುದಿಗೆ ಬರುವ ಕಡ್ಡಿಗೆ ಕೆಂಪು ಟೇಪ್ ಸುತ್ತಿದೆವು. ದೋಣಿ ನೆಟ್ಟಗೆ ಹೋಗಲು ಚಕ್ರವನ್ನು ಎಷ್ಟು ತಿರುಗಿಸಿ ಹಿಡಿಯಬೇಕಾಗಿದೆ ಎಂದು ಆ ಟೇಪ್ ನೋಡಿದರೆ ಗೊತ್ತಾಗುತ್ತದೆ. ಕಾಕ್‌ಪಿಟ್ ಗೋಡೆಗೆ ವಾಲುವ ಕೋನ ತೋರಿಸುವ ಅಗ್ಗದ ಮಾಪಕವನ್ನೂ ಅಂಟಿಸಿದೆವು. ‘ತುಂಬಾ ವಾಲ್ತು’, ‘ಚಕ್ರ ಭಾರ ಆಯ್ತು’ ಅನ್ನುವ ಮಾತುಗಳ ಜಾಗಕ್ಕೆ ಈ ಎರಡು ಸಾಮಾನುಗಳಿಂದ ಅಂಕಿ ಬಂತು. ಗಂಡ ಹೆಂಡತಿ ನಡುವೆ ‘ನೀವು ಹೆದರ್ತೀರಿ’, ‘ನೀವು ಕೇಳಲ್ಲ’ ಎಂಬ ಮಾತೂ ಅಲ್ಲಿಗೆ ನಿಂತಿತು.

ಏನು ಗೊತ್ತಾಯಿತು

ಬೆಳಗಿನ 10 ನಾಟ್ ಗಾಳಿಯಲ್ಲಿ ಎಲ್ಲ ಹಾಯಿ ಬಿಚ್ಚಿ ಹೋದಾಗ ಟೇಪ್ ತುದಿಯಿಂದ ಸ್ವಲ್ಪವೇ ಸರಿಯಿತು. ಅಷ್ಟು ಎಳೆತ ಇರಬೇಕು ಕೂಡ. ಕೈ ಬಿಟ್ಟರೆ ದೋಣಿ ಗಾಳಿಗೆ ಮುಖ ಮಾಡಿ ನಿಧಾನವಾಗುವುದು ಕ್ಷೇಮ. ಅಲ್ಲಿಗೆ ಚುಕ್ಕಾಣಿ ತನ್ನ ಕೆಲಸ ಮಾಡುತ್ತಿದೆ ಎಂದಾಯಿತು.

ಗಾಳಿ ಏರಿತು. ಮಾಪಕ 25 ಡಿಗ್ರಿ ದಾಟಿತು, ಟೇಪ್ ಬದಿಗೆ ಬಂತು. ಆಗ ಭಾವ ಎಂದಿನಂತೆ ಮುಂದಿನ ಜೆನೋವಾ ಹಾಯಿಯನ್ನು ಅರ್ಧ ಸುತ್ತಿದರು. ಒಂದು ಹಗ್ಗ ಎಳೆದರೆ ಅದು ತಾನೇ ಸುರುಳಿ ಸುತ್ತಿಕೊಳ್ಳುತ್ತದೆ, ಕೂತಲ್ಲಿಂದಲೇ ಆಗುವ ಕೆಲಸ. ಡಾಕ್‌ನ ಹಿರಿಯರೂ ‘ಗಾಳಿ ಬಂದರೆ ಮುಂದಿನದನ್ನು ಸುತ್ತು’ ಎಂದೇ ಹೇಳಿದ್ದರು. ದೋಣಿಯ ವಾಲು ಸ್ವಲ್ಪ ಇಳಿಯಿತು. ಆದರೆ ಟೇಪ್ ವಾಪಸ್ ಬರಲಿಲ್ಲ, ಇನ್ನೂ ಕೆಳಕ್ಕೆ ಹೋಯಿತು. ಮುಂದಿನ ಬೀಸಿಗೆ ದೋಣಿ ತಿರುಗಿಯೇ ಬಿಟ್ಟಿತು.

ಭಾವ ಟೇಪನ್ನೇ ನೋಡುತ್ತಾ, “ಇದೇನಪ್ಪಾ, ಹಾಯಿ ಕಮ್ಮಿ ಮಾಡಿದ್ರೂ ಎಳೆತ ಜಾಸ್ತಿ ಆಯ್ತಲ್ಲ?” ಎಂದರು. ಇಡೀ ಪ್ರಕರಣ ಆ ಪ್ರಶ್ನೆಯಲ್ಲಿ ತಿರುಗಿತು.

ದೋಣಿಯನ್ನು ಒಂದು ತಕ್ಕಡಿ ಅಂದುಕೊಳ್ಳಿ. ನಡುವಿನ ಮುಳ್ಳು ನೀರಿನ ಕೆಳಗಿರುವ ಕೀಲ್. ಮುಂದಿನ ಹಾಯಿ ಮೂತಿಯನ್ನು ಗಾಳಿಯಿಂದ ಆಚೆಗೆ ತಳ್ಳುತ್ತದೆ. ಹಿಂದಿನ ಮೇನ್ ಹಾಯಿ ಹಿಂಭಾಗವನ್ನು ಆಚೆಗೆ ತಳ್ಳುತ್ತದೆ, ಹಾಗಾಗಿ ಮೂತಿ ಗಾಳಿಯ ಕಡೆ ಬರುತ್ತದೆ. ಮುಂದಿನದನ್ನು ಮಾತ್ರ ಕಿರಿದು ಮಾಡಿದರೆ ಹಿಂದಿನ ತಟ್ಟೆ ಭಾರವಾಗುತ್ತದೆ. ಈ ದೋಣಿಯ ಮೇನ್ ಹಾಯಿ ಬೇರೆ ಹಳೆಯದು, ಬಟ್ಟೆ ಹಿಗ್ಗಿ ಹೊಟ್ಟೆ ಬಿದ್ದಿತ್ತು. ಆ ಹೊಟ್ಟೆ ಗಾಳಿಗೆ ಇನ್ನೂ ಹಿಂದಕ್ಕೆ ಜಾರುತ್ತಿತ್ತು. ದೋಣಿ ವಾಲಿದಾಗ ಹಾಯಿಯ ಎಳೆತ ಒಡಲಿನ ಮೇಲಿಂದ ಪಕ್ಕದ ನೀರಿನ ಮೇಲಕ್ಕೆ ಹೋಗುತ್ತದೆ, ಅದೂ ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸುತ್ತದೆ. ಕೊನೆಗೆ ಅತಿಯಾಗಿ ವಾಲಿದ ದೋಣಿಯ ಚುಕ್ಕಾಣಿಯ ಮೇಲಿನ ಭಾಗ ನೀರಿನಿಂದ ಹೊರಬಂದು ಹಿಡಿತ ಕಳೆದುಕೊಳ್ಳುತ್ತದೆ. ಎಲ್ಲ ತಪ್ಪೂ ಚುಕ್ಕಾಣಿಯದೇ ಅನ್ನಿಸುವುದು ಅದಕ್ಕೇ.

ಇದಕ್ಕೆ ಮದ್ದು ಮೇನ್ ಹಾಯಿಗೆ ರೀಫ್ ಹಾಕುವುದು, ಅಂದರೆ ಅದನ್ನು ಕೆಳಗಿಳಿಸಿ ಒಂದು ಪಟ್ಟಿ ಮಡಚಿ ಕಟ್ಟುವುದು. ಹಾಗಾದರೆ ಭಾವ ಇಷ್ಟು ದಿನ ರೀಫ್ ಯಾಕೆ ಹಾಕಲಿಲ್ಲ? ಅವರಿಗೆ ಬರುತ್ತಿತ್ತು, ಶಾಲೆಯಲ್ಲಿ ಮಾಡಿದ್ದರು. ಆದರೆ ಈ ದೋಣಿಯಲ್ಲಿ ರೀಫ್ ಹಾಕಲು ಒಬ್ಬರು ಕೂವೆಮರದ ಬುಡಕ್ಕೆ ಹೋಗಿ ನಿಲ್ಲಬೇಕು. ಆಗ ಚಕ್ರ ಇನ್ನೊಬ್ಬರ ಕೈಯಲ್ಲಿರಬೇಕು. ಅಕ್ಕ ಚಕ್ರ ಹಿಡಿದದ್ದೇ ಇಲ್ಲ. ಅಕ್ಕನಿಗೆ ಆ ಗಾಳಿಯಲ್ಲಿ ಚಕ್ರ ಕೊಡಲು ಇಬ್ಬರಿಗೂ ಧೈರ್ಯ ಇರಲಿಲ್ಲ. ಹಾಗಾಗಿ ಕೂತಲ್ಲೇ ಆಗುವ ಕೆಲಸ ಮಾಡಿದರು, ಅದು ತೊಂದರೆಯನ್ನು ಜಾಸ್ತಿ ಮಾಡಿತು. ಚುಕ್ಕಾಣಿಯ ದೋಷ ಎಂದು ಕಂಡದ್ದರ ಬೇರು ಮೊದಲ ವಾರದ ಕೆಲಸದ ಹಂಚಿಕೆಯಲ್ಲಿತ್ತು. ಇಂಥದ್ದನ್ನು ನಾನು ಬೇರೆ ದೋಣಿಗಳಲ್ಲೂ ಕಂಡಿದ್ದೇನೆ. ಹೊಸ ಮಾಲೀಕರ ವಿಷಯದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಈಗ ಇದೇ: ಇಬ್ಬರಲ್ಲಿ ಯಾರೂ ಮಾಡದೆ ಬಿಟ್ಟಿರುವ ಕೆಲಸ ಯಾವುದು?

ಅಕ್ಕನ ಕೈಗೆ ಚಕ್ರ

ಎರಡನೆಯ ತೀರ್ಮಾನ ಅಕ್ಕನದೇ. “ಗಾಳಿ ಇಲ್ಲದ ಕಡೆ ಮೊದಲು ನನಗೆ ಕಲಿಸಿ, ಆಮೇಲೆ ನೋಡೋಣ,” ಎಂದರು. ಓಕ್ಲೆಂಡ್ ಮತ್ತು ಅಲಮೀಡಾ ನಡುವೆ ಒಳಸೇರಿದ ಕಿರಿದಾದ ನೀರಿನ ಪಟ್ಟಿಗೆ, ಅಂದರೆ ಎಸ್ಚುವರಿಗೆ ಹೋದೆವು. ಅಲ್ಲಿ ಅಲೆ ಇಲ್ಲ, ಬೆಳಿಗ್ಗೆ ಗಾಳಿಯೂ ಕಮ್ಮಿ. ಬಾಯಿಯ ಹತ್ತಿರ ಓಕ್ಲೆಂಡ್ ಬಂದರಿನ ಕಂಟೇನರ್ ಹಡಗುಗಳು ಬರುತ್ತವೆ. ಕಿರಿದಾದ ಚಾನಲ್‌ನಲ್ಲಿ ಅವುಗಳಿಗೆ ಅಡ್ಡ ಬರಬಾರದು. ಅದಕ್ಕೆ ರೇಡಿಯೋವನ್ನು ಹಡಗು ಸಂಚಾರದ 14ನೇ ಚಾನಲ್‌ಗೆ ಇಟ್ಟುಕೊಂಡು ಒಳಭಾಗದಲ್ಲೇ ಉಳಿದೆವು.

ನೀರು ಹರಿಯದೆ ನಿಂತ ಹೊತ್ತು ನೋಡಿ, ಒಂದು ಫೆಂಡರ್‌ಗೆ ಭಾರ ಕಟ್ಟಿ ನೀರಿಗೆ ಬಿಟ್ಟೆವು. ಅದೇ ನಮ್ಮ ಕಟ್ಟೆ. ತಗುಲಿದರೂ ನಷ್ಟ ಇಲ್ಲ. ಅಕ್ಕ ಚಕ್ರ, ಥ್ರಾಟಲ್ ಎರಡೂ ಹಿಡಿದರು. ಭಾವ ಪುಸ್ತಕ ಹಿಡಿದು ಬರೆದುಕೊಂಡರು. 2 ನಾಟ್‌ನಲ್ಲಿ ಬಂದು ನ್ಯೂಟ್ರಲ್‌ಗೆ ಹಾಕಿದರೆ ದೋಣಿ ತನ್ನ ಉದ್ದದ ಎಷ್ಟು ಪಟ್ಟು ತೇಲಿಹೋಗುತ್ತದೆ? ರಿವರ್ಸ್ ಕೊಟ್ಟರೆ ಎಷ್ಟರಲ್ಲಿ ನಿಲ್ಲುತ್ತದೆ? ಹಿಂದಕ್ಕೆ ಯಾವ ವೇಗ ಬಂದ ಮೇಲೆ ಚುಕ್ಕಾಣಿ ಕೇಳಲು ಶುರು ಮಾಡುತ್ತದೆ? ಸುಮ್ನೆ ಬಿಟ್ಟರೆ ಗಾಳಿಗೆ ಯಾವ ಮಗ್ಗುಲಾಗಿ ನಿಲ್ಲುತ್ತದೆ?

ಹಿಂಭಾಗ ಎಡಕ್ಕೆ ಸರಿಯುವುದು ಎಲ್ಲ ಸಲವೂ ಒಂದೇ ಥರ ಆಯಿತು. ಅದು ದೋಷವೇ ಅಲ್ಲ. ಮುಂದಕ್ಕೆ ಹೋಗುವಾಗ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಬಲಕ್ಕೆ ಸುತ್ತುವ ದೋಣಿಗಳಲ್ಲಿ, ರಿವರ್ಸ್ ಹಾಕಿದಾಗ ಹಿಂಭಾಗ ಎಡಕ್ಕೆ ಹೋಗುತ್ತದೆ. ನಿಂತಲ್ಲಿಂದ ಜೋರಾಗಿ ಥ್ರಾಟಲ್ ಕೊಟ್ಟರೆ ಜಾಸ್ತಿ, ದೋಣಿ ಹಿಂದಕ್ಕೆ ಚಲಿಸಲು ಶುರುವಾದ ಮೇಲೆ ನ್ಯೂಟ್ರಲ್‌ಗೆ ತಂದರೆ ಇಲ್ಲವೇ ಇಲ್ಲ. ಆಗ ಚುಕ್ಕಾಣಿಯ ಮೇಲೆ ನೀರು ಹರಿಯುತ್ತಿರುವುದರಿಂದ ದೋಣಿ ಹೇಳಿದ ಕಡೆ ಬರುತ್ತದೆ. ಅಕ್ಕ ಇದನ್ನು ಉಪಯೋಗಕ್ಕೂ ಹಚ್ಚಿದರು. ಚಕ್ರವನ್ನು ಪೂರ್ತಿ ಬಲಕ್ಕೆ ಇಟ್ಟು, ಮುಂದಕ್ಕೆ ಒಂದು ಗುಕ್ಕು, ಹಿಂದಕ್ಕೆ ಒಂದು ಗುಕ್ಕು ಕೊಡುತ್ತಾ ದೋಣಿಯನ್ನು ನಿಂತಲ್ಲೇ ಬಲಕ್ಕೆ ಸುತ್ತಿಸಿದರು. ಎಡಕ್ಕೆ ಅದೇ ಆಟ ನಡೆಯಲಿಲ್ಲ, ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕಾಯಿತು.

ಈ ಟಿಪ್ಪಣಿ ಕೈಗೆ ಬಂದ ಮೇಲೆ ಡಾಕ್‌ನ ತೊಂದರೆಗೆ ಉತ್ತರ ಎದುರಿಗೇ ಇತ್ತು. ಕಟ್ಟೆ ಬಲಕ್ಕಿರುವ ಸ್ಲಿಪ್ ಈ ದೋಣಿಗೆ ಹೊಂದುವುದಿಲ್ಲ. ಕಟ್ಟೆ ಎಡಕ್ಕಿದ್ದರೆ ರಿವರ್ಸ್ ಹಾಕಿದಾಗ ಹಿಂಭಾಗ ತಾನೇ ಕಟ್ಟೆಗೆ ಬಂದು ಕೂರುತ್ತದೆ. ಮರೀನಾ ಕಚೇರಿಯಲ್ಲಿ ಕೇಳಿದರು, ಎರಡು ಸಾಲು ಆಚೆ ಅಂಥದ್ದೊಂದು ಖಾಲಿ ಇತ್ತು. ಹೆಚ್ಚುವರಿ ಖರ್ಚಿಲ್ಲದೆ ಬದಲಾಯಿಸಿ ಕೊಟ್ಟರು. ಕೌಶಲ ಸಾಲದು ಎಂದು ಕೊರಗುವುದಕ್ಕಿಂತ ಜಾಗ ಬದಲಿಸುವುದು ಎಷ್ಟೋ ಸಲ ಜಾಣತನ.

ಹಾರುವುದನ್ನು ನಿಲ್ಲಿಸಲು ನಡುಹಗ್ಗ ಕಟ್ಟಿದೆವು. ದೋಣಿಯ ಮಧ್ಯದ ಕ್ಲೀಟ್‌ನಿಂದ, ಅಂದರೆ ಹಗ್ಗ ಕಟ್ಟುವ ಗೂಟದಿಂದ, ಹೊರಟು, ಕಟ್ಟೆಯ ಹೊರತುದಿಯ ಕ್ಲೀಟ್‌ಗೆ ಬೀಳುವ ಹಾಗೆ ಅಳೆದು ಕುಣಿಕೆ ಹಾಕಿದ ಹಗ್ಗ. ಹಗ್ಗದಲ್ಲಿರುವವರು ದೋಣಿಯ ಮೇಲೇ ನಿಂತು, ಕೊಕ್ಕೆಕೋಲಿನಿಂದ ಕುಣಿಕೆಯನ್ನು ಕ್ಲೀಟ್‌ಗೆ ಇಳಿಬಿಡುತ್ತಾರೆ. ಆಮೇಲೆ ಎಂಜಿನ್ ಮುಂದಕ್ಕೆ ನಿಧಾನ, ಚಕ್ರ ಕಟ್ಟೆಯಿಂದ ಆಚೆಗೆ. ಹಗ್ಗ ಬಿಗಿದು ದೋಣಿ ಕಟ್ಟೆಗೆ ಒತ್ತಿಕೊಂಡು ನಿಲ್ಲುತ್ತದೆ, ಉಳಿದ ಹಗ್ಗಗಳನ್ನು ಆತುರ ಇಲ್ಲದೆ ಕಟ್ಟಬಹುದು. ಈಗ ಡಾಕ್‌ಗೆ ದೋಣಿ ತರುವುದು ಬಹುಪಾಲು ಅಕ್ಕನೇ. ಭಾವ ಕೊಕ್ಕೆಕೋಲು ಹಿಡಿಯುತ್ತಾರೆ.

ಮತ್ತೆ ಸ್ಲಾಟ್‌ಗೆ

ಅಲ್ಲಿಂದ ಸ್ಲಾಟ್‌ಗೆ ವಾಪಸ್ ಹೋಗುವ ಮುಂಚೆ ಇನ್ನೊಂದು ಪಾಠ ಬಾಕಿ ಇತ್ತು, ದೋಣಿಯನ್ನು ನಡುನೀರಿನಲ್ಲಿ ನಿಲ್ಲಿಸುವುದು. ಮುಂದಿನ ಹಾಯಿಯನ್ನು ಗಾಳಿಯ ಬದಿಗೇ ಬಿಟ್ಟು ಹಿಮ್ಮುಖವಾಗಿ ತುಂಬಿಸಬೇಕು, ಮೇನ್ ಸಡಿಲಿಸಬೇಕು, ಚಕ್ರವನ್ನು ಗಾಳಿಯ ಕಡೆಗೆ ತಿರುಗಿಸಿ ಕಟ್ಟಬೇಕು. ಮೂರೂ ಒಂದನ್ನೊಂದು ಹಿಡಿದು ದೋಣಿ ತಣ್ಣಗಾಗುತ್ತದೆ. ನಿಧಾನವಾಗಿ ಪಕ್ಕಕ್ಕೆ ಸರಿಯುತ್ತಿರುತ್ತದೆ ಅಷ್ಟೇ. ಫಿನ್ ಕೀಲ್ ದೋಣಿಗಳು ಇದಕ್ಕೆ ಬೇಗ ಒಗ್ಗುವುದಿಲ್ಲ, ಹೊಂದಿಸಿ ನೋಡಬೇಕಾಗುತ್ತದೆ. ಜೆನೋವಾ ಪೂರ್ತಿ ಬಿಚ್ಚಿದ್ದಾಗ ಈ ದೋಣಿ ಮೂತಿ ತಪ್ಪಿಸಿ ಓಡುತ್ತಿತ್ತು. ಅರ್ಧ ಸುತ್ತಿದಾಗ ನಿಂತಿತು. ಗಾಳಿ ದೋಣಿಯ ಬಲಬದಿಗೆ ಬೀಳುವ ಹಾಗೆ ನಿಲ್ಲಿಸುವುದನ್ನೇ ರೂಢಿ ಮಾಡಿಸಿದೆ. ಎಡಬದಿಗೆ ಗಾಳಿ ಇರುವ ಹಾಯಿದೋಣಿಗಳು ಆಗ ದಾರಿ ಬಿಡಬೇಕು. ಹಾಗಂತ ಸುತ್ತ ನೋಡುವುದನ್ನು ಬಿಡುವಂತಿಲ್ಲ.

ಹೀಗೆ ನಿಲ್ಲಿಸಿಕೊಂಡು ರೀಫ್ ಹಾಕುವುದು ಅಕ್ಕನ ಭಯವನ್ನು ಬಿಡಿಸಿತು. ಒಂದು ಮಧ್ಯಾಹ್ನ ಏಂಜಲ್ ದ್ವೀಪದ ದಕ್ಷಿಣಕ್ಕೆ ಗಾಳಿ ಏರತೊಡಗಿದಾಗ ನಾವು ಯಾರೂ ಬಾಯಿ ತೆರೆಯುವ ಮುಂಚೆಯೇ ಅಕ್ಕ ದೋಣಿಯನ್ನು ನಿಲ್ಲಿಸಿ, “ರೀ, ನೀವು ಹೋಗಿ ರೀಫ್ ಹಾಕಿ. ನಾನಿಲ್ಲಿ ಹಿಡ್ಕೊಂಡಿದೀನಿ,” ಎಂದರು. ಭಾವ ಸೊಂಟದ ಪಟ್ಟಿಯ ಕೊಕ್ಕೆ ಸಿಕ್ಕಿಸಿಕೊಂಡು ಕೂವೆಮರದ ಹತ್ತಿರ ಹೋದರು. ಹಾಯಿ ಇಳಿಸಿ, ಅದರ ಅಂಚಿನ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಹಿಂದಿನ ಹಗ್ಗ ಬಿಗಿದು ಬಂದರು. ಮತ್ತೆ ಹೊರಟಾಗ 20 ನಾಟ್ ಗಾಳಿಯಲ್ಲಿ ಮಾಪಕ 18 ಡಿಗ್ರಿ ತೋರಿಸುತ್ತಿತ್ತು. ಟೇಪ್ ಗಡಿಯಾರದ ಒಂದು ಗಂಟೆಯ ಜಾಗದಲ್ಲಿತ್ತು. ವೇಗ ಕಮ್ಮಿಯಾಗಿರಲಿಲ್ಲ, ಸ್ವಲ್ಪ ಜಾಸ್ತಿಯೇ ಆಗಿತ್ತು. ಅದೂ ಸಹಜ. ಚುಕ್ಕಾಣಿಯನ್ನು ಅಡ್ಡ ಹಿಡಿದು ಎಳೆದುಕೊಂಡು ಹೋಗುವುದು ಬ್ರೇಕ್ ಒತ್ತಿ ಹಿಡಿದ ಹಾಗೆಯೇ ಆಗಿತ್ತು.

ಚುಕ್ಕಾಣಿಯ ಆರ್ಡರ್ ರದ್ದಾಯಿತು. ಆ ದುಡ್ಡಿನಲ್ಲಿ ಒಂದು ಪಾಲು ರೀಫ್ ಹಗ್ಗಗಳನ್ನು ಕಾಕ್‌ಪಿಟ್‌ವರೆಗೆ ತರಿಸಲು ಹೋಯಿತು. ಬೇಸಿಗೆಗೆಂದು ಮುಂದಕ್ಕೆ ಕಟ್ಟುವ ಒಂದು ಚಿಕ್ಕ ಜಿಬ್ ಹಾಯಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡರು, ಯಾಕೆಂದರೆ ಅರ್ಧ ಸುತ್ತಿದ ದೊಡ್ಡ ಜೆನೋವಾ ಜೋಲುಬಿದ್ದು ಗಾಳಿಗೆದುರು ಹತ್ತುವುದೇ ಇಲ್ಲ. ಬೇರಿಂಗ್‌ಗಳನ್ನು ಮುಂದಿನ ಸಲ ದೋಣಿ ಮೇಲೆತ್ತಿದಾಗ ಬದಲಿಸಿದರು. ಮೇನ್ ಹಾಯಿ ಮಾತ್ರ ಹೊಸದೇ ಬೇಕು, ಅದಕ್ಕೆ ಇನ್ನೂ ದುಡ್ಡು ಕೂಡಿಸುತ್ತಿದ್ದಾರೆ. ಆ ಶರತ್ಕಾಲದಲ್ಲಿ ಏಂಜಲ್ ದ್ವೀಪದ ಅಯಾಲಾ ಕೋವ್‌ನಲ್ಲಿ ರಾತ್ರಿ ಉಳಿದು ಬಂದರು. ಅಲ್ಲಿ ನೀರಿನ ಸೆಳೆತಕ್ಕೆ ದೋಣಿ ಗಿರಗಿರ ತಿರುಗದಂತೆ ಮೂತಿಯನ್ನು ಒಂದು ಬೋಯಿಗೆ, ಅಂದರೆ ತಳಕ್ಕೆ ಬಿಗಿದ ತೇಲುಗುಂಡಿಗೆ, ಹಿಂಭಾಗವನ್ನು ಇನ್ನೊಂದಕ್ಕೆ ಕಟ್ಟಬೇಕು. ಇಬ್ಬರಿಗೂ ದೋಣಿ ನಡೆಸಲು ಬರದಿದ್ದರೆ ಅದು ಬಹಳ ಕಷ್ಟ.

ಭಾವ ಬರೆದುಕೊಂಡದ್ದು ಈಗ ಒಂದು ಪುಟಕ್ಕೆ ಇಳಿದು, ಪ್ಲಾಸ್ಟಿಕ್ ಹಾಕಿಸಿಕೊಂಡು ಮೆಟ್ಟಿಲ ಪಕ್ಕ ಅಂಟಿದೆ. ಎಷ್ಟು ಗಾಳಿಗೆ ಯಾವ ಹಾಯಿ, ಎಷ್ಟು ವೇಗದಿಂದ ಎಷ್ಟು ದೂರ, ಯಾವ ಕಡೆ ತಿರುವು ಸುಲಭ, ಎಲ್ಲ ಅದರಲ್ಲಿದೆ. ಅತಿಥಿಗಳು ಬಂದಾಗ ಅಕ್ಕ ಮೊದಲು ಲೈಫ್ ಜಾಕೆಟ್ ಹಾಕಿಸಿ, ಆಮೇಲೆ ಆ ಪುಟ ಓದಿಸುತ್ತಾರೆ. ಈ ವರ್ಷ ಹಳೆಯ ಪ್ರೊಪೆಲ್ಲರ್ ತೆಗೆದು, ಹಾಯಿಯಲ್ಲಿ ಹೋಗುವಾಗ ಮಡಚಿಕೊಳ್ಳುವ ಎರಡು ರೆಕ್ಕೆಯ ಪ್ರೊಪೆಲ್ಲರ್ ಹಾಕಿಸಿದ್ದಾರೆ. ಅದು ರಿವರ್ಸ್‌ನಲ್ಲಿ ಹಳೆಯದರಷ್ಟು ಬಿಗಿಯಾಗಿ ನೀರು ಹಿಡಿಯುವುದಿಲ್ಲ, ನಿಲ್ಲಲು ಜಾಗ ಜಾಸ್ತಿ ಬೇಕು. ಹಾಗಾಗಿ ರಿವರ್ಸ್‌ಗೆ ಸೇರಿದ ಸಾಲುಗಳನ್ನೆಲ್ಲ ಅಕ್ಕ ಹೊಡೆದುಹಾಕಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಫೆಂಡರ್ ಮತ್ತು ಭಾರ ತೆಗೆದುಕೊಂಡು ಮೂವರೂ ಎಸ್ಚುವರಿಗೆ ಹೋಗುತ್ತಿದ್ದೇವೆ.